ಗೋಡೆಗೆ ಹಾಕಿದ ಹೆಪ್ಪು

ಬಿಳಿ ಬಣ್ಣದ ಬಗ್ಗೆ ಅಜ್ಜಿ ಆ ಮಾತನ್ನು ನನಗೆ ಯಾವಾಗ ಹೇಳಿದರು ಎಂಬುದು ಖಚಿತವಿಲ್ಲ. ಹೇಳಿದ್ದಂತೂ ನಿಜ; ಶಬ್ದಗಳು ಹಾಗೇ ನೆನಪಿವೆ. ಆದರೆ ಒಂದು ನೆನಪಿನಲ್ಲಿ ಅವರು ಕಾಳಗಿಯಿಂದ ಚಿತ್ತಾಪುರಕ್ಕೆ ಬರುವ ಬಸ್ಸಿನಲ್ಲಿ, ಕೆಮ್ಮಣ್ಣಿನ ಚೀಲವನ್ನು ಕಾಲ ನಡುವೆ ಇಟ್ಟುಕೊಂಡು, ಕಿಟಕಿಯ ಕಡೆ ಮುಖ ಮಾಡಿ ಹೇಳುತ್ತಾರೆ. ಇನ್ನೊಂದರಲ್ಲಿ ಗೋಡೆ ಕೆರೆದಾದ ಮೇಲೆ, ನೆಲಕ್ಕೆ ಬಿದ್ದ ಪುಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳುತ್ತಾರೆ. ಮೊದಲನೆಯದು ನಿಜವಾದರೆ ತಪ್ಪು ನನ್ನದು. ಎರಡನೆಯದು ನಿಜವಾದರೆ ತಪ್ಪು ಯಾರದೂ ಅಲ್ಲ. ಬಹಳ ದಿನ ನಾನು ಎರಡನೆಯದನ್ನೇ ನಂಬಿಕೊಂಡಿದ್ದೆ. ನಂಬಲು ಅದು ಸುಖವಾಗಿತ್ತು. ಅದಕ್ಕೇ ಅದರ ಮೇಲೆ ಅನುಮಾನ.

ಕೆಲಸ ಚಿತ್ತಾಪುರದಲ್ಲಿ. ಅಲ್ಲಿನ ಒಂದು ತರಬೇತಿ ಸಂಸ್ಥೆಯವರು ಹೊಸ ಸಭಾಂಗಣ ಕಟ್ಟಿಸಿ, ಅದರ ಉದ್ದನೆಯ ಗೋಡೆಯ ಮೇಲೆ ಈ ಭಾಗದ ಲಂಬಾಣಿ ತಾಂಡಾದ ಹೆಣ್ಣುಮಕ್ಕಳಿಂದ ಚಿತ್ರ ಬರೆಸಬೇಕೆಂದು ನಿರ್ಧರಿಸಿದ್ದರು. ಐನಾಪುರದ ಹತ್ತಿರದ ತಾಂಡಾದಿಂದ, ನಾನು ಅಜ್ಜಿ ಎಂದು ಕರೆಯುತ್ತಿದ್ದ ಹಿರಿಯರು ಮತ್ತು ಅವರ ಸೊಸೆ ಬಂದಿದ್ದರು. ಅಜ್ಜಿ ಬುದ್ಧಿ ಬಂದಾಗಿನಿಂದ ಮನೆಗೋಡೆಗಳ ಮೇಲೆ ಬರೆಯುತ್ತ ಬಂದವರು. ತಮ್ಮವರಲ್ಲದವರ ಗೋಡೆಗೆ ಕೈ ಹಾಕುತ್ತಿದ್ದದ್ದು ಇದೇ ಮೊದಲು. ಒಪ್ಪಂದದಲ್ಲಿ ಒಂದು ಷರತ್ತಿತ್ತು: ಬಣ್ಣವೆಲ್ಲ ನೈಸರ್ಗಿಕವಾಗಿರಬೇಕು, ಕಾರ್ಖಾನೆಯ ಬಣ್ಣ ಒಂದು ಚೂರು ಸಿಕ್ಕರೂ ಚಿತ್ರ ಅಳಿಸಿ, ಗೋಡೆಯನ್ನು ಬೇರೆಯವರಿಗೆ ಕೊಡಲಾಗುವುದು. ಅದನ್ನು ಪರೀಕ್ಷಿಸಿ ವರದಿ ಬರೆಯಬೇಕಾದವನು ನಾನು. ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿದ್ದೆ, ಹಳೆಯ ಗೋಡೆಚಿತ್ರಗಳ ಬಣ್ಣ ಪರೀಕ್ಷಿಸಿದ ಅನುಭವವಿತ್ತು, ಸೇಡಂನವನಾದ್ದರಿಂದ ಭಾಷೆ ಬರುತ್ತಿತ್ತು.

ನೈಸರ್ಗಿಕ ಎಂಬ ಶಬ್ದದ ಮೇಲೆ ನನಗೆ ಆಗಲೂ ವಿಶ್ವಾಸ ಇರಲಿಲ್ಲ. ಎಲೆಯ ಬಣ್ಣ, ಹೂವಿನ ಬಣ್ಣ ಎಂದು ಮಾರುವ ಎಷ್ಟೋ ವಸ್ತುಗಳಲ್ಲಿ ಪೇಟೆಯ ಪುಡಿ ಕಂಡಿದ್ದೆ. ಇಲ್ಲೂ ಯಾರಾದರೂ ಮೋಸ ಮಾಡುತ್ತಾರೆ ಎಂಬ ನಿರೀಕ್ಷೆಯಲ್ಲೇ ಹೋಗಿದ್ದೆ. ಕೈಯಲ್ಲಿ ಹದಿನಾಲ್ಕು ಕಲಮುಗಳ ಒಂದು ನಮೂನೆ: ವಸ್ತು ಯಾವುದು, ಎಲ್ಲಿಂದ ತಂದದ್ದು, ಎಷ್ಟು ದಿನ ನೆನೆಸಿದ್ದು, ಯಾವ ಅಂಟು. ಜತೆಗೆ ಫೋನಿನಲ್ಲಿ ಧ್ವನಿ ದಾಖಲಿಸಿಕೊಳ್ಳುತ್ತಿದ್ದೆ, ಆಮೇಲೆ ಕೇಳುವುದಿಲ್ಲ ಎಂದು ಗೊತ್ತಿದ್ದೂ.

ಮೊದಲ ದಿನ ಶಹಾಬಾದ್. ಸುಣ್ಣ ನೆನೆಯಲು ದಿನ ಹಿಡಿಯುತ್ತದೆ, ಆದ್ದರಿಂದ ಅದೇ ಮೊದಲು. ಊರ ಹೊರಗಿನ ಸುಣ್ಣದ ಭಟ್ಟಿಯ ಪಕ್ಕದಲ್ಲೇ ಫರಸಿ ಕಲ್ಲು ಕೊಯ್ಯುವ ಯಂತ್ರ ಕಿರುಚುತ್ತಿತ್ತು. ಅಜ್ಜಿ ಸುಟ್ಟ ಕಲ್ಲನ್ನು ಒಂದೊಂದಾಗಿ ಎತ್ತಿ, ಇನ್ನೊಂದಕ್ಕೆ ಬಡಿದು, ಕಿವಿಯ ಹತ್ತಿರ ಹಿಡಿಯುತ್ತಿದ್ದರು. ಟಣ್ ಎಂದರೆ ಪೂರ್ತಿ ಬೆಂದದ್ದು. ಟಪ್ ಎಂದರೆ ಒಳಗೆ ಹಸಿ ಉಳಿದಿದೆ, ಅದು ಬೇಡ. ಆ ಗದ್ದಲದಲ್ಲಿ ಅವರಿಗೆ ಅದು ಹೇಗೆ ಕೇಳುತ್ತಿತ್ತೋ. ನಾನು ಬಾಯಿ ಮಾಡಿ ಮಾಡಿ ಪ್ರಶ್ನೆ ಕೇಳುತ್ತಿದ್ದೆ, ಅವರು ಕೆಲಸ ನಿಲ್ಲಿಸದೆ ಉತ್ತರ ಹೇಳುತ್ತಿದ್ದರು. ವಾಡಿಯಲ್ಲಿ ಚಹಾಕ್ಕೆ ನಿಂತಾಗ ಸೊಸೆ ನಗುತ್ತ ಅಂದಳು: "ಸಾಹೇಬ್ರ, ಚಹಾ ಆರ್ಲಿಕತ್ತದ. ಅದನ್ನ ಆಮ್ಯಾಲ ಬರ್ಕೋರಿ, ಕಾಗದ ಏನು ಓಡಿ ಹೋಗಂಗಿಲ್ಲ."

ಎರಡನೆಯ ಪ್ರಯಾಣ ಚಿಂಚೋಳಿ ಕಡೆಗೆ, ಕೆಂಪಿಗಾಗಿ. ಗುಡ್ಡದ ಕೊರಕಲಿನಲ್ಲಿ ಅಜ್ಜಿ ಜಾಜು ಎಂದು ಕರೆಯುವ ಕೆಮ್ಮಣ್ಣು ಸಿಗುತ್ತದೆ. ಅವರು ಉಂಡೆಯನ್ನು ನಾಲಗೆಗೆ ಮುಟ್ಟಿಸಿ ಆರಿಸುತ್ತಾರೆ. ನಾಲಗೆಗೆ ಅಂಟಿದ್ದು ಚೀಲಕ್ಕೆ, ಜಾರಿದ್ದು ಕೆಳಕ್ಕೆ. ನನಗೂ ಒಂದು ಕೊಟ್ಟರು. ಅಂಟಿತು. "ಮಳಿ ಬಿದ್ದಂಗ ವಾಸನಿ ಬಂತಿಲ್ಲೊ?" ಎಂದು ಕೇಳಿದರು. ಅದಕ್ಕೆ ನಮೂನೆಯಲ್ಲಿ ಕಲಮು ಇರಲಿಲ್ಲ. ಕಪ್ಪಿಗೆ ತೊಗರಿ ಕಟ್ಟಿಗೆ: ರಾಶಿ ಮುಗಿದು ಹೊಲದ ಬದುವಿನಲ್ಲಿ ಒಟ್ಟಿದ್ದ ಕಟ್ಟಿಗೆಯನ್ನು ಬೋರಲು ಹಾಕಿದ ಗಡಿಗೆಯ ಕೆಳಗೆ ಸುಟ್ಟು, ಗಡಿಗೆಗೆ ಹತ್ತಿದ ಮಸಿಯನ್ನು ಕೋಳಿಗರಿಯಿಂದ ಉದುರಿಸುತ್ತಾರೆ. ಅಂಟಿಗೆ ಜಾಲಿಯ ಗೋಂದು. ಕುಂಚಕ್ಕೆ ಈಚಲ ಗರಿಯ ಕಡ್ಡಿ; ಅದರ ತುದಿಯನ್ನು ಕಲ್ಲಿನಿಂದ ಜಜ್ಜಿ ನಾರು ಬಿಡಿಸುವುದು ಸೊಸೆಯ ಕೆಲಸ.

ತೊಂದರೆ ಶುರುವಾದದ್ದು ಸಭಾಂಗಣದಲ್ಲಿ. ಅಜ್ಜಿ ಗೋಡೆಗೆ ಅಂಗೈಯಿಂದ ನೀರು ಹಚ್ಚಿ ನೋಡಿ, "ಈ ಗೋಡಿ ನೀರು ಕುಡ್ಯಾಂಗಿಲ್ಲ" ಎಂದರು. ನುಣುಪಾದ ಪುಟ್ಟಿಯನ್ನೆಲ್ಲ ತೆಗೆಸಿ, ಸಿಮೆಂಟಿಗೆ ಕಚ್ಚು ಹೊಡೆಸಿ, ಮಣ್ಣು-ಸೆಗಣಿ-ಸುಣ್ಣದ ಲೇಪ ಕೊಡಬೇಕಾಯಿತು. ಮೊದಲ ಲೇಪ ಎರಡೇ ದಿನದಲ್ಲಿ ಹಪ್ಪಳದಂತೆ ಎದ್ದಿತು. ಎರಡನೆಯದಕ್ಕೆ ಜೋಳದ ಹೊಟ್ಟು ಬೆರೆಸಿದರು, ನಿಂತಿತು. ಆದರೆ ಮೂರನೆಯ ದಿನ ಅಲ್ಲಲ್ಲಿ ಚಿಟ್ ಚಿಟ್ ಎಂದು ಸಣ್ಣ ಗುಳಿಗಳು ಬೀಳತೊಡಗಿದವು. ಸುಣ್ಣ ಪೂರ್ತಿ ನೆನೆದಿರಲಿಲ್ಲ. ಉಳಿದ ಹಸಿ ಕಣಗಳು ಗೋಡೆಯಲ್ಲೇ ನೀರು ಕುಡಿದು ಸಿಡಿಯುತ್ತಿದ್ದವು. ಅಜ್ಜಿ ಹದಿನೈದು ದಿನ ಕೇಳಿದ್ದರು. ಸಂಸ್ಥೆಯ ಸಂಯೋಜಕರಿಗೆ ಅವಸರ, ನನಗೆ ಅವರಿಗಿಂತ ಅವಸರ. ಇಬ್ಬರೂ ಸೇರಿ ಒಂಬತ್ತಕ್ಕೆ ಇಳಿಸಿದ್ದೆವು. ಗುಳಿಗಳನ್ನು ಒಂದೊಂದಾಗಿ ಕೆದರಿ ಮುಚ್ಚುವಾಗ ಅಜ್ಜಿ ನನ್ನ ಕಡೆ ನೋಡಲೂ ಇಲ್ಲ. ಸೊಸೆ ಮಾತ್ರ ಅಂದಳು: "ಗೋಡಿಗಿ ಮೊಡವಿ ಎದ್ದಾವ ಸಾಹೇಬ್ರ, ನಿಮ್ಮ ನಮೂನೆದಾಗ ಬರ್ಕೋರಿ."

ಆಮೇಲೆ ಚಿತ್ರ. ಕೆಂಪು ಹಿನ್ನೆಲೆ, ಅದರ ಮೇಲೆ ಬಿಳಿ. ಅಜ್ಜಿ ಎಡಮೂಲೆಯಲ್ಲಿ ನೆಲಕ್ಕೆ ಕೂತು ಒಂದು ಸಣ್ಣ ಬಟ್ಟಲಿನಿಂದ ಮೊದಲ ಬಿಳಿಯನ್ನು ಅಂಗೈಯಿಂದಲೇ ಬಳಿದರು, ಹರಿವಾಣದಷ್ಟು ಜಾಗ. ಅದರ ಮೇಲೆ ಏಳು ಚುಕ್ಕಿ. ಬಟ್ಟಲಿನಲ್ಲಿ ಉಳಿದದ್ದನ್ನು ದೊಡ್ಡ ಗಡಿಗೆಯ ಬಿಳಿಗೆ ಸುರಿದು ಕಲಕಿದರು. ಇಷ್ಟು ನಾನು ಬಾಗಿಲಲ್ಲಿ ನಿಂತು, ಫೋನಿನಲ್ಲಿ ಬೇರೆ ಯಾರೊಂದಿಗೋ ಮಾತಾಡುತ್ತ ನೋಡಿದೆ. ನೋಡಿದೆ ಎಂದುಕೊಂಡಿದ್ದೇನೆ. ಮುಂದಿನ ದಿನಗಳಲ್ಲಿ ಗೋಡೆಯ ತುಂಬ ಎತ್ತುಗಳು, ನವಿಲುಗಳು, ಬಾವಿಯ ಮೆಟ್ಟಿಲುಗಳು, ಕನ್ನಡಿ ಕೂರಿಸಿದ ಲಂಗದ ಅಂಚಿನಂಥ ಸಾಲುಗಳು ಏರಿದವು.

ಪರೀಕ್ಷೆಗೆ ನಾನು ತಂದಿದ್ದ ಯಂತ್ರ ಪಿಸ್ತೂಲಿನ ಆಕಾರದ್ದು. ಬಣ್ಣಕ್ಕೆ ಹಿಡಿದರೆ ಅದರಲ್ಲಿ ಯಾವ ಯಾವ ಧಾತು ಇವೆ ಎಂದು ತೋರಿಸುತ್ತದೆ.

"ಯಾಡಿ, ನೋಡ್ರಿ," ಎಂದು ಸೊಸೆ ಅತ್ತೆಯನ್ನು ಕರೆದಳು. ಯಾಡಿ ಎಂದರೆ ಅವರ ಮಾತಿನಲ್ಲಿ ತಾಯಿ. "ಸಾಹೇಬ್ರು ಗೋಡಿಗಿ ಜ್ವರಾ ನೋಡ್ಲಿಕತ್ತಾರ."

"ನೋಡ್ಲಿ ತಗೋ," ಎಂದರು ಅಜ್ಜಿ. "ಜ್ವರಾ ಇದ್ದವರಿಗೇ ಬ್ಯಾರೇವ್ರ ಮೈ ಬಿಸಿ ಅನಸ್ತದ."

ಕೆಂಪಿನಲ್ಲಿ ಕಬ್ಬಿಣ, ಸ್ವಲ್ಪ ಟೈಟಾನಿಯಂ. ಚಿಂಚೋಳಿಯ ಕೆಮ್ಮಣ್ಣಿನಲ್ಲಿ ಅದು ಹುಟ್ಟಿನಿಂದಲೇ ಇರುತ್ತದೆ; ಗಾಬರಿಯಿಲ್ಲ. ಕಪ್ಪಿನಲ್ಲಿ ಬೂದಿಯ ಗುರುತು. ಬಿಳಿಯಲ್ಲಿ ಸುಣ್ಣ, ಮತ್ತು ಅದರ ಜತೆ ಟೈಟಾನಿಯಂ, ಕೆಂಪಿನಲ್ಲಿದ್ದದ್ದಕ್ಕಿಂತ ಎಷ್ಟೋ ಹೆಚ್ಚು. ಶಹಾಬಾದಿನ ಸುಣ್ಣದಲ್ಲಿ ಅಷ್ಟು ಇರಲು ಕಾರಣವೇ ಇಲ್ಲ. ಅಂಗಡಿಯ ಬಿಳಿ ಬಣ್ಣದಲ್ಲಿ ಇರುತ್ತದೆ. ಅಡಿಯ ಪುಟ್ಟಿ ಉಳಿದಿರಬಹುದೇ ಎಂದು ಪಕ್ಕದ ಬರಿ ಲೇಪಕ್ಕೆ ಹಿಡಿದೆ, ಅಲ್ಲಿ ಮಣ್ಣಿನದಷ್ಟೇ ಇತ್ತು. ಮತ್ತೆ ಬಿಳಿಗೆ ಹಿಡಿದೆ. ಮೂರು ಸಲ ಹಿಡಿದೆ. ಮೂರು ಸಲವೂ ಅದೇ. ಯಂತ್ರವನ್ನು ನಿಲ್ಲಿಸುವ ಸ್ಟ್ಯಾಂಡ್ ಗಿಡ್ಡದು. ಕೂತು ಹಿಡಿಯಲು ಎಡಮೂಲೆ ಅನುಕೂಲವಾಗಿತ್ತು. ಮೂರು ಸಲವೂ ನಾನು ಹಿಡಿದದ್ದು ಅದೇ ಹರಿವಾಣದಷ್ಟು ಜಾಗಕ್ಕೆ. ವಿದ್ಯಾರ್ಥಿಯೊಬ್ಬ ಹಾಗೆ ಮಾಡಿದ್ದರೆ ಬೈಯುತ್ತಿದ್ದೆ.

ಎದ್ದು ಹೊರಗೆ ಹೋಗಿ ಸಂಯೋಜಕರಿಗೆ ಫೋನ್ ಮಾಡಿದೆ.

"ಖಾತ್ರಿ ಏನ್ರಿ ಸರ?" ಎಂದು ಅವರು ಕೇಳಿದರು.

"ಖಾತ್ರಿ," ಎಂದೆ.

ಮರುದಿನ ಬೆಳಿಗ್ಗೆ ಸೇಡಂನಿಂದ ನಾನು ಬರುವಷ್ಟರಲ್ಲಿ ಒಬ್ಬ ಮೇಸ್ತ್ರಿ ಎಡಮೂಲೆಯಿಂದ ಕೆರೆಯಲು ಶುರು ಮಾಡಿದ್ದ. ಏಳು ಚುಕ್ಕಿ ಹೋಗಿದ್ದವು, ಒಂದು ನವಿಲು ಕುತ್ತಿಗೆಯವರೆಗೆ ಹೋಗಿತ್ತು. ನನ್ನ ಹಿಂದೆಯೇ ಅತ್ತೆ ಸೊಸೆ ಒಳಗೆ ಬಂದರು.

"ಯಾರ್ ಹೇಳಿದ್ರೋ ಕೆರೀಲಿಕ್ಕ?" ಸೊಸೆಯ ದನಿ ಹಾಲ್ ತುಂಬಿತು. ಮೇಸ್ತ್ರಿ ಉಳಿಯನ್ನು ನನ್ನ ಕಡೆ ತೋರಿಸಿದ.

ಸಂಯೋಜಕರೂ ಬಂದರು. ಕೆಟ್ಟ ಮನುಷ್ಯರಲ್ಲ, ಉದ್ಘಾಟನೆಯ ದಿನ ಗೊತ್ತಾಗಿತ್ತು, ಹೆದರಿದ್ದರು. "ಯಾವ್ ಡಬ್ಬಿ ಹಾಕೀರಿ ಅಮ್ಮಾ? ಖರೇ ಹೇಳ್ರಿ," ಎಂದು ಕೇಳಿದರು.

ಅಜ್ಜಿ ನೆಲದ ಪುಡಿಯ ಮುಂದೆ ಕೂತರು. ಇಲ್ಲಿ ಅವರು ಆ ಮಾತು ಹೇಳಿದ್ದಂತೂ ಖಂಡಿತ, ಎಲ್ಲರೂ ಕೇಳಿಸಿಕೊಂಡರು. ಮೊದಲ ಸಲವೋ ಎರಡನೆಯ ಸಲವೋ ಎಂಬುದೇ ನನ್ನ ತಕರಾರು.

"ತವರಮನಿ ಗೋಡಿದು ಒಂದ್ ಚೂರು ಹೆಪ್ಪು ಹಾಕ್ತೀವಿ. ನಮ್ಮ ಮನೆತನದಾಗ ನಮ್ಮವ್ವ ಹಾಕ್ತಿದ್ಲು, ಆಕಿ ಅವ್ವ ಹಾಕ್ತಿದ್ಲು. ಹೆಪ್ಪಿಲ್ಲದ ಹಾಲು ಮೊಸರಾಗ್ತದೇನು?"

ಹೆಣ್ಣುಮಗಳು ಹೊಸ ಗೋಡೆಗೆ ಬರೆಯುವ ಮುಂಚೆ ತನ್ನ ತಾಯಿಯ ಮನೆಯ ಗೋಡೆಯಿಂದ ಚಿಟಿಕೆ ಕೆರೆದು ತಂದು, ಮೊದಲ ಬಿಳಿಗೆ ಕಲಸುತ್ತಾಳೆ. ಅಷ್ಟೇ. ಬಟ್ಟಲಿನಲ್ಲಿದ್ದದ್ದು ಅದು.

"ಆ ತವರಮನೆ ಗೋಡೆಗೆ ಈಗ ಯಾವ ಬಣ್ಣ ಇದೆ?" ಎಂದು ಕೇಳಿದೆ.

ಅಜ್ಜಿ ಸೊಸೆಯ ಮುಖ ನೋಡಿದರು. ಸೊಸೆ ಹಣೆ ಚಚ್ಚಿಕೊಂಡಳು. "ಮಾಮಾನ ಮಗ ಡಬ್ಬಿ ಬಣ್ಣ ಹೊಡದಾನಲ್ಲ ಯಾಡಿ, ದೀಪಾವಳಿಗಿ!"

ಎರಡು ದಿನ ಕೆರೆಯುವ ಕೆಲಸ ನಿಲ್ಲಿಸಿ ಎಂದು ಸಂಯೋಜಕರನ್ನು ಬೇಡಿಕೊಂಡೆ. ಮರುದಿನ ಮೂವರೂ ಹೊರಟೆವು. ಮಳಖೇಡ ದಾಟಿ, ಸೇಡಂ ದಾಟಿ, ಮಾತಿನಲ್ಲಿ ತೆಲುಗು ಬೆರೆಯುವ ಕಡೆಗಿನ ಒಂದು ತಾಂಡಾ. ಅಜ್ಜಿಯ ಅಣ್ಣನ ಮಗ ಆದಿತ್ಯನಗರದ ಮನೆಗಳಿಗೆ ಬಣ್ಣ ಹೊಡೆಯುವ ಕೂಲಿ ಕೆಲಸ ಮಾಡುತ್ತಾನೆ. ಹಬ್ಬಕ್ಕೆಂದು ಒಂದು ಡಬ್ಬಿ ಬಿಳಿ ಡಿಸ್ಟೆಂಪರ್ ತಂದು ಮನೆಗೆ ಹೊಡೆದಿದ್ದ. ಹೆಮ್ಮೆಯಿಂದ ತೋರಿಸಿದ. "ಹ್ಯಾಂಗದ ಸರ್? ಎರಡ್ ಕೋಟ್!" ಎಂದ. ಗೋಡೆಗೆ ಯಂತ್ರ ಹಿಡಿದೆ. ಟೈಟಾನಿಯಂ ಢಾಳಾಗಿ ಕಂಡಿತು.

ಬಾಗಿಲ ಹಿಂದೆ, ಯಾರಿಗೂ ಕಾಣದ ಕಡೆ, ಕೇಳಿಕೊಂಡು ಚಾಕುವಿನಿಂದ ಬೆರಳುಗುರಿನಷ್ಟು ಜಾಗ ಪದರ ಪದರವಾಗಿ ಬಿಡಿಸಿದೆ. ಮೇಲೆ ಡಿಸ್ಟೆಂಪರ್. ಕೆಳಗೆ ನೀಲಿ ಬೆರೆಸಿದ ಸುಣ್ಣ. ಅದರ ಕೆಳಗೆ ಬಿಳಿ ಸುಣ್ಣ, ಕೆಂಪು, ಮತ್ತೆ ಬಿಳಿ. ಎಣಿಸುತ್ತ ಹೋದೆ, ಹನ್ನೊಂದಕ್ಕೆ ಲೆಕ್ಕ ತಪ್ಪಿತು. ನನಗೆ ಖುಷಿಯಾಯಿತು, ದಾರಿ ಸಿಕ್ಕಿತ್ತು.

"ಅಜ್ಜಿ, ಒಳಗಿನ ಪದರದ್ದು ತಗೊಳ್ರಿ. ಇದು ನಿಮ್ಮವ್ವ ಬಳಿದ ಸುಣ್ಣಾನೇ ಇರಬೇಕು. ಇದನ್ನ ಹೆಪ್ಪು ಹಾಕಿದ್ರ ಯಾರೂ ಏನೂ ಅನ್ನಂಗಿಲ್ಲ."

ಅಜ್ಜಿ ಆ ಗುಳಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಬಹಳ ಹೊತ್ತು ಮುಟ್ಟಿದರು. ಆಮೇಲೆ ಬೇಡವೆಂದು ತಲೆಯಾಡಿಸಿದರು.

"ಮ್ಯಾಲಿಂದೇ ತಗೋಬೇಕು ತಮ್ಮಾ. ಇವತ್ತ ಈ ಮನಿ ಹ್ಯಾಂಗದ, ಹಂಗ. ಒಳಗ ಕೈ ಹಾಕಿ ತಗಿಯೂದು ಅಂದ್ರ ಮಣ್ಣಾಗಿಟ್ಟವರನ್ನ ಮತ್ತ ಎಬ್ಬಿಸಿದಂಗ."

"ಮೇಲಿನದ್ದು ಡಬ್ಬಿ ಬಣ್ಣ."

"ಇರ್ಲಿ. ನಮ್ಮಣ್ಣನ ಮಗ ಬಳದಾನ. ಡಬ್ಬಿ ಏನು ತಾನಾ ಬಂದು ಬಳ್ಕೊಂಡದೇನು?"

ಚಾಕು ಮಡಚಿ ಚೀಲಕ್ಕೆ ಹಾಕಿದೆ. ಆದರೂ ಒಪ್ಪಿರಲಿಲ್ಲ. ಹಿಂದಿರುಗುವ ದಾರಿಯುದ್ದಕ್ಕೂ ಬಸ್ಸಿನ ಸೀಟಿನಲ್ಲಿ ಮುಳ್ಳಿದ್ದವನಂತೆ ಕೂತಿದ್ದೆ. ಹೆಪ್ಪು ಬಿಟ್ಟುಬಿಡಲಿ ಎಂದು ಒಂದು ಮನಸ್ಸು. ಬಿಟ್ಟರೆ ನನ್ನ ವರದಿ ಸರಿಹೋಗುತ್ತದೆ, ಅವರ ಕೆಲಸ ಸುಳ್ಳಾಗುತ್ತದೆ. ಸೊಸೆ ಕೂಡ ಸೋತಿದ್ದಳು. "ಅವರು ಅಂದಂಗ ಮಾಡ್ರಿ ಯಾಡಿ, ಮುಗದು ಹೋಗ್ಲಿ. ಗೋಡಿ ಹೋದ್ರ ತಾಂಡಾದಾಗ ಏನಂತಾರ? ಖೊಟ್ಟಿ ಬಣ್ಣ ಹಾಕಿ ಸಿಕ್ಕೊಂಡ್ಲು ಅಂತಾರ." ಅಜ್ಜಿ ಕಿಟಕಿಯ ಕಡೆ ನೋಡುತ್ತಿದ್ದರು. ಬಸ್ಸಿನ ನೆನಪು ಬಹುಶಃ ಇಲ್ಲಿಂದ ಜಾರಿ ಹಿಂದಕ್ಕೆ ಹೋಗಿ ಕೂತಿರಬೇಕು.

ಸಂಯೋಜಕರು ಎಲ್ಲವನ್ನೂ ಕೇಳಿ ನನ್ನನ್ನು ಪಕ್ಕಕ್ಕೆ ಕರೆದರು. ದನಿ ತಗ್ಗಿಸಿದರು. "ಸರ, ಒಂದ್ ಕೆಲಸ ಮಾಡ್ರಿ. ಆ ಮೂಲಿ ಬಿಡ್ರಿ. ನಡುವಿನ ಬಿಳಿಗಿ ಮಷೀನ್ ಹಿಡೀರಿ."

ಅವರು ಹೇಳುವ ಮೊದಲೇ ನಾನು ಹಿಡಿದಿದ್ದೆ. ದೊಡ್ಡ ಗಡಿಗೆಯ ಬಿಳಿಯಲ್ಲಿ ಆ ಚಿಟಿಕೆ ಕರಗಿಹೋಗಿತ್ತು; ಯಂತ್ರಕ್ಕೆ ಕಾಣುವ ಮಟ್ಟಕ್ಕಿಂತ ಕೆಳಗೆ. ಅಲ್ಲಿಯದನ್ನೇ ಬರೆದರೆ ಒಂದು ಸುಳ್ಳಿನ ಅಕ್ಷರವೂ ಇಲ್ಲದ, ಸ್ವಚ್ಛವಾದ ವರದಿ. ಮೊದಲ ಸಲ ಮೂಲೆಯೊಂದನ್ನೇ ಅಳೆದು ಗೋಡೆ ಕೆಡಿಸಿದ್ದೆ. ಈಗ ಮೂಲೆಯೊಂದನ್ನೇ ಬಿಟ್ಟು ಗೋಡೆ ಉಳಿಸಬಹುದಿತ್ತು. ಎರಡೂ ಒಂದೇ ಕೆಲಸ.

ಅಜ್ಜಿಗೆ ಹೇಳಿದೆ: ಹೀಗೆ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ, ನೀವು ಹೆಪ್ಪಿನ ಮಾತು ಮಾತ್ರ ಎತ್ತಬಾರದು.

"ಮುಚ್ಚಿಡ್ಲಿಕ್ಕ ನಾ ಏನು ಕದ್ದೀನೇನು?" ಎಂದರು. ಅಷ್ಟೇ ಹೇಳಿ ಎದ್ದು, ಮೇಸ್ತ್ರಿ ಕೆರೆದು ಮೂಲೆಗೆ ಗುಡಿಸಿಟ್ಟಿದ್ದ ಪುಡಿಯ ಹತ್ತಿರ ಹೋದರು. ಸೆರಗು ಹಾಸಿ ಅದನ್ನು ಎರಡೂ ಕೈಯಿಂದ ಬಾಚಿಕೊಂಡರು. ಹೊಟ್ಟು, ಕಲ್ಲು ಆರಿಸಿದರು. ಫರಸಿ ನೆಲದ ಮೇಲೆ ಗುಂಡುಕಲ್ಲಿನಿಂದ ಅರೆದರು. ಬಿಳಿ ಕೆಂಪು ಕೂಡಿ ಗುಲಾಬಿಯಾಯಿತು. ಬಟ್ಟಲಿಗೆ ಹಾಕಿ ಹೊಸ ಸುಣ್ಣ ಸುರಿದರು.

"ಯಾಡಿ, ಇದು ತವರಮನಿ ಗೋಡಿದಲ್ಲ," ಎಂದಳು ಸೊಸೆ.

"ಇದರಾಗ ತವರಮನಿದೂ ಅದ. ಇಷ್ಟ್ ದಿನ ಇಲ್ಲಿ ಬರದೀವಿ, ಬೈಸ್ಕೊಂಡೀವಿ. ಇನ್ನ ಇದೂ ಒಂದ್ ಮನೀನೇ."

ಕೆರೆದ ಜಾಗಕ್ಕೆ ಮೇಸ್ತ್ರಿಯೇ ಲೇಪ ಕೊಟ್ಟ, ಯಾರೂ ಹೇಳದೆ. ಮೂಲೆಯಲ್ಲಿ ಮತ್ತೆ ಹರಿವಾಣದಷ್ಟು ಬಳಿದರು. ಮೊದಲಿನಷ್ಟು ಬಿಳಿ ಬರಲಿಲ್ಲ, ತುಸು ಕೆಂಪು ಛಾಯೆ. ಏಳು ಚುಕ್ಕಿ. ನವಿಲಿಗೆ ಹೊಸ ತಲೆ. ಈ ಸಲ ಅದು ಹಿಂದಕ್ಕೆ ತಿರುಗಿ ನೋಡುತ್ತಿತ್ತು. ಒಣಗಿದ ಮೇಲೆ ಯಂತ್ರ ಹಿಡಿದೆ, ಮೂಲೆಗೆ ಮೂರು ಸಲ, ಗೋಡೆಯ ಬೇರೆ ಒಂಬತ್ತು ಕಡೆ ಮೂರು ಮೂರು ಸಲ. ಮೂಲೆಯಲ್ಲಿ ಟೈಟಾನಿಯಂ ಇತ್ತು. ಸ್ವಲ್ಪ ಕೆಮ್ಮಣ್ಣಿನದು, ಸ್ವಲ್ಪ ಡಬ್ಬಿಯದು. ಯಾವುದು ಎಷ್ಟು ಎಂದು ಬೇರ್ಪಡಿಸಲು ನನ್ನಿಂದ ಆಗಲಿಲ್ಲ. ಹಾಗೆಂದೇ ಬರೆದೆ. ಮೊದಲ ಪರೀಕ್ಷೆಯಲ್ಲಿ ಒಂದೇ ಜಾಗ ಅಳೆದದ್ದು ನನ್ನ ತಪ್ಪು ಎಂದೂ, ಷರತ್ತಿನ ಅಕ್ಷರ ಹಿಡಿದರೆ ಗೋಡೆ ಅಳಿಸಬೇಕು, ಆದರೆ ಈ ಕಲೆ ನಡೆಯುವ ಕ್ರಮ ಹಿಡಿದರೆ ಷರತ್ತನ್ನೇ ಅಳಿಸಬೇಕು ಎಂದೂ ಬರೆದೆ. ಅದು ಪರೀಕ್ಷಕ ಬರೆಯುವ ವಾಕ್ಯವಲ್ಲ. ಎರಡು ಸಲ ಹೊಡೆದುಹಾಕಿ ಮೂರನೆಯ ಸಲ ಬಿಟ್ಟೆ.

ಎರಡು ದಿನ ಉತ್ತರವಿಲ್ಲ. ಆ ಎರಡು ದಿನ ಅತ್ತೆ ಸೊಸೆ ಗೋಡೆಯ ಬಲತುದಿ ಮುಗಿಸುತ್ತಿದ್ದರು. ನಾನು ಹಾಲ್‌ನ ಒಳಗೂ ಹೊರಗೂ ತಿರುಗುತ್ತಿದ್ದೆ. "ಕುಂದ್ರಿ ಸಾಹೇಬ್ರ, ಫರಸಿ ಸವದು ಹೋದಾವು," ಎಂದಳು ಸೊಸೆ. ಮೂರನೆಯ ದಿನ ಸಂಯೋಜಕರು ಫೋನ್ ಮಾಡಿ ಗೋಡೆ ಇರಲಿ ಎಂದರು. ಗೋಡೆಯ ಪಕ್ಕ ಹಾಕುವ ಫಲಕದಿಂದ ನೈಸರ್ಗಿಕ ಎಂಬ ಶಬ್ದ ತೆಗೆಯುತ್ತೇವೆ. ಅದರ ಬದಲು ಏನು ಬರೆಯಲಿ ಎಂದು ಕೇಳಿದರು. ವಸ್ತುಗಳ ಹೆಸರು ಓದಿ ಹೇಳಿದೆ: ಶಹಾಬಾದ್ ಸುಣ್ಣ, ಚಿಂಚೋಳಿಯ ಜಾಜು, ತೊಗರಿ ಕಟ್ಟಿಗೆಯ ಮಸಿ, ಜಾಲಿ ಗೋಂದು, ತವರಮನೆಯ ಗೋಡೆ.

"ತವರಮನಿ ಗೋಡಿ ಅಂತ ಫಲಕದ ಮ್ಯಾಲ ಹ್ಯಾಂಗ ಬರಸ್ಲಿರಿ ಸರ? ಜನ ನಗ್ತಾರ."

"ನಗ್ಲಿ," ಎಂದೆ.

ಬರೆಸಿದ್ದಾರೆ. ಅಜ್ಜಿ ಓದಲು ಬಾರದವರು, ಸೊಸೆ ಓದಿ ಹೇಳಿದಾಗ, "ಅಣ್ಣನ ಮಗಂದು ಹೆಸರ್ ಹಾಕಿಲ್ಲೇನು?" ಎಂದು ಕೇಳಿದರಂತೆ.

ಇದೆಲ್ಲ ಆಗಿ ಒಂದು ವರ್ಷದ ಮೇಲೆ, ಹಳೆಯ ಫೋನನ್ನು ಬಿಸಾಡುವ ಮುಂಚೆ ಅದರಲ್ಲಿದ್ದ ಧ್ವನಿಗಳನ್ನು ಕೊನೆಗೂ ಕೇಳಿದೆ. ಈ ಬರಹದ ಬಹಳಷ್ಟನ್ನು ಪರೀಕ್ಷಿಸಲು ಈಗ ದಾರಿಯಿಲ್ಲ. ಒಂದನ್ನು ಮಾತ್ರ ಪರೀಕ್ಷಿಸಿದ್ದೇನೆ. ಬಸ್ಸೂ ಅಲ್ಲ, ಸಭಾಂಗಣವೂ ಅಲ್ಲ. ಮೊದಲ ದಿನದ ಧ್ವನಿ, ಶಹಾಬಾದಿನ ಭಟ್ಟಿ. ಹಿಂದೆ ಕಲ್ಲು ಕೊಯ್ಯುವ ಯಂತ್ರ. ಅದರ ಮೇಲಿಂದ ಅಜ್ಜಿಯ ದನಿ, ಒಂದು ಶಬ್ದವೂ ಮಸುಕಾಗದೆ: "ತವರಮನಿ ಗೋಡಿದು ಒಂದ್ ಚೂರು ಹೆಪ್ಪು ಹಾಕ್ತೀವಿ." ಆಮೇಲೆ ನನ್ನ ದನಿ: "ಹ್ಞಾಂ, ಹ್ಞಾಂ, ಗೊತ್ತಾತು. ಸುಣ್ಣ ಎಷ್ಟ್ ದಿನ ನೆನಸ್ತೀರಿ, ಅದನ್ನ ಹೇಳ್ರಿ."